ಸಹಿ ಹಾಕಿದವರ ಸೀಟು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣ್ಣನೆಯ, ತಿಳಿಗೆಂಪು ಚರ್ಮ. ಬೋಲ್ಟು ಸರಿಯಾಗಿ ಬಿಗಿದಿದೆಯೋ ಇಲ್ಲವೋ ಎಂದು ಅವರು ಕಣ್ಣು ಮುಚ್ಚಿಕೊಂಡು ಆ ಹೆಬ್ಬೆರಳಿನಿಂದಲೇ ಸವರಿ ನೋಡುತ್ತಿದ್ದರು. ಉಗುರು ಹೇಗೆ ಹೋಯಿತು ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ. ಮೀನು ಮಾರುವ ಕಾಕನಿಗೆ ವಿಮಾನದ ಬಾಗಿಲಿಗೆ ಸಿಕ್ಕಿತು ಅಂದಿದ್ದರಂತೆ. ನನ್ನ ಗಂಡನಿಗೆ ಬಾವಿಯ ರಾಟೆ ಅಂದಿದ್ದರು. ನನಗೆ, "ಹುಟ್ಟಿದಾಗಿಂದ್ಲೂ ಇಲ್ಲ ಕಣಮ್ಮ" ಅಂದರು. ಒಂದು ಉಗುರಿನ ವಿಷಯದಲ್ಲೇ ಮೂರು ಮಾತಾಡುವ ಮನುಷ್ಯನ ಕೈಗೆ, ಎಂಟು ಮಕ್ಕಳು ಕೂರುವ ವ್ಯಾನನ್ನು ರಿಪೇರಿಗೆ ಕೊಡಬಹುದೇ ಎಂಬುದು ನನಗೆ ಬಂದ ಮೊದಲ ಅನುಮಾನ.

ನಾನು ಸುಂಟಿಕೊಪ್ಪದ ಸುತ್ತಿನ ತೋಟಗಳಿಂದ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನಿನ ಡ್ರೈವರು. ಗಂಡ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಹೆಂಗಸು ವ್ಯಾನು ಓಡಿಸುತ್ತಾಳೆಂದರೆ ಅಪ್ಪಂದಿರು ಮೊದಲ ತಿಂಗಳೆಲ್ಲ ಗೇಟಿನ ಹತ್ತಿರ ನಿಂತು, ನಾನು ತಿರುವಿನಲ್ಲಿ ಗೇರು ಹಾಕುವುದನ್ನೇ ನೋಡುತ್ತಿದ್ದರು. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಇಡೀ ಲೋಕದ ಮೇಲೆ ಅನುಮಾನ. ತೂಕದ ಅಂಗಡಿಯಲ್ಲಿ ನಾನು ತಕ್ಕಡಿಯನ್ನು ಬಿಟ್ಟು ಅಂಗಡಿಯವನ ಕೈಯನ್ನು ನೋಡುವವಳು. ಅಂಥ ನನ್ನನ್ನೂ ಮೀರಿಸಿದ ಅನುಮಾನದ ಮನುಷ್ಯ ಎಂದರೆ ಆ ಉಗುರಿಲ್ಲದ ಹೆಬ್ಬೆರಳಿನವರು, ಊರೆಲ್ಲ ಏರ್‌ಫೋರ್ಸ್ ಮಾವ ಎಂದು ಕರೆಯುತ್ತಿದ್ದವರು.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡ ಕುಟುಂಬ ಅವರದು. ಬಯಲುಸೀಮೆಯ ಒಂದು ಟ್ರೈನಿಂಗ್ ಏರ್‌ಫೀಲ್ಡಿನಲ್ಲಿ, ಹೊಸ ಪೈಲಟ್‌ಗಳಿಗೆ ಹಾರಲು ಕಲಿಸುವ ಜಾಗದಲ್ಲಿ, ಫಿಟ್ಟರಾಗಿದ್ದರಂತೆ. ಸರ್ವೀಸು ಮುಗಿಸಿ ಬಂದು ಸುಂಟಿಕೊಪ್ಪದ ಕೆಳಗೆ ರಸ್ತೆ ಬದಿಯಲ್ಲಿ ತಗಡಿನ ಶೆಡ್ಡು ಹಾಕಿ ಗಾಡಿ ರಿಪೇರಿಗೆ ಕೂತಿದ್ದರು. ಆ ಏರ್‌ಫೀಲ್ಡನ್ನು ಮುಚ್ಚಿ ಎಷ್ಟೋ ಕಾಲವಾಗಿತ್ತು. ವಿಚಾರಿಸೋಣವೆಂದರೆ ಜಾಗವೇ ಇಲ್ಲ. ಇದೂ ಅನುಕೂಲಕ್ಕೆ ತಕ್ಕ ಹಾಗಿದೆಯಲ್ಲ ಎಂದು ನನಗೆ ಅನ್ನಿಸಿತ್ತು.

ಕೊಡಗಿನಲ್ಲಿ ಮಿಲಿಟರಿಯವರಿಗೇನೂ ಬರವಿಲ್ಲ. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾಲ್ಕು ಜನ ಕೂತಿದ್ದರೆ ಅದರಲ್ಲಿ ಒಬ್ಬರಾದರೂ ಮಾಜಿ ಹವಾಲ್ದಾರರು. ಅವರೆದುರು ಸುಳ್ಳು ಸರ್ವೀಸಿನ ಕಥೆ ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಮಾವ ಒಮ್ಮೆ ಅಲ್ಲಿ "ನಾನೂ ಹಾರಿದ್ದೀನಿ" ಅಂದಾಗ ಒಬ್ಬ ಹವಾಲ್ದಾರರು ಗ್ಲಾಸು ಕೆಳಗಿಟ್ಟು ನಕ್ಕರಂತೆ. "ಸ್ಪ್ಯಾನರ್ ಹಿಡಿಯುವವ ಹಾರ್ತಾನಾ? ಹಾಗಾದ್ರೆ ನಮ್ಮ ರೆಜಿಮೆಂಟಿನ ಅಡುಗೆಯವ ಗಡಿಯಲ್ಲಿ ಗುಂಡು ಹೊಡ್ದಿರ್ಬೇಕು." ಅದೇ ಹವಾಲ್ದಾರರು ಇನ್ನೊಂದು ದಿನ ನನ್ನ ಗಂಡನ ಕಿವಿಯಲ್ಲಿ, "ಅವರು ಬಿಟ್ಟು ಬಂದದ್ದಲ್ಲ, ಬಿಡಿಸಿದ್ದು. ಅವರ ಕೈಯಿಂದ ಒಂದು ವಿಮಾನ ಬಿದ್ದದೆ" ಅಂದರು. ಗಂಡ ಮನೆಗೆ ಬಂದು ನನಗೆ ಹೇಳಿದರು. ಅಂದಿನಿಂದ ಆ ಶೆಡ್ಡಿನ ಮುಂದೆ ವ್ಯಾನು ನಿಲ್ಲಿಸಿದಾಗಲೆಲ್ಲ ಇಂಜಿನ್ ಆಫ್ ಮಾಡುವ ಮುನ್ನ ಒಮ್ಮೆ ಯೋಚಿಸುತ್ತಿದ್ದೆ. ಆದರೂ ಹೋಗುತ್ತಿದ್ದೆ. ಸುತ್ತಮುತ್ತ ಹೇಳಿದ ಹೊತ್ತಿಗೆ ಕೆಲಸ ಮುಗಿಸುತ್ತಿದ್ದವರು ಅವರೊಬ್ಬರೇ.

ಅವರ ಕೆಲಸದ ರೀತಿಯೇ ಬೇರೆ. ಶೆಡ್ಡಿನ ಗೋಡೆಯ ಮೇಲೆ ಬಿಳಿ ಬಣ್ಣ ಬಳಿದ ಒಂದು ದೊಡ್ಡ ಹಲಗೆ. ಅದರ ಮೇಲೆ ಒಂದೊಂದು ಹತ್ಯಾರಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದು, ಮೊಳೆ ಹೊಡೆದು, ಅದರದರ ಜಾಗಕ್ಕೆ ಅದನ್ನು ನೇತುಹಾಕಿದ್ದರು. ಒಂದು ಇಲ್ಲವೆಂದರೆ ಅದರ ಕಪ್ಪು ಆಕಾರ ಎದ್ದು ಕಾಣುತ್ತಿತ್ತು. ಸಂಜೆ ಹಲಗೆ ತುಂಬದೆ ಯಾವ ಗಾಡಿಯೂ ಶೆಡ್ಡು ಬಿಡುವಂತಿಲ್ಲ. "ಟಯರು ನೋಡಿದ್ದೀನಿ ಮಾವ" ಎಂದರೆ, "ಕಣ್ಣಲ್ಲಿ ನೋಡ್ದ್ಯಾ, ಬಾಯಲ್ಲಿ ನೋಡ್ದ್ಯಾ?" ಎಂಬ ಪ್ರಶ್ನೆ. ಊರಿನವರೆಲ್ಲ ಬಾಯಲ್ಲೇ ನೋಡುವವರು ಎಂಬುದು ಅವರ ದೃಢವಾದ ನಂಬಿಕೆ.

ಮೊದಲ ಸಲ ಕ್ಲಚ್ಚು ರಿಪೇರಿ ಮಾಡಿಕೊಟ್ಟಾಗ ಅವರು ಕೈ ಒರೆಸಿಕೊಂಡು ಬಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ಎಲ್ಲಿಗೆ ಎಂದು ಕೇಳಿದೆ.

"ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ. ನಮ್ ಏರ್‌ಫೀಲ್ಡಲ್ಲಿ ಅದೇ ಪದ್ಧತಿ. ರಿಪೇರಿ ಮಾಡಿ ಸರಿಯಿದೆ ಅಂತ ಸಹಿ ಹಾಕ್ದೋನೇ ಮೊದಲ್ನೇ ಹಾರಾಟಕ್ಕೆ ಹಿಂದಿನ ಸೀಟಲ್ಲಿ ಕೂರ್ಬೇಕು. ಆಗ ಕೆಲಸ ತಂತಾನೇ ಸರಿಯಾಗಿರುತ್ತೆ."

ಸ್ಪ್ಯಾನರ್ ಹಿಡಿಯುವವನು ಹಾರಿದ್ದು ಹೀಗಂತೆ. ಕೇಳಲು ಚೆನ್ನಾಗಿತ್ತು. ನಾನು ನಂಬಲಿಲ್ಲ.

ಆಮೇಲೊಂದು ಫೆಬ್ರವರಿಯಲ್ಲಿ ಬ್ರೇಕು ಮೆತ್ತಗಾಯಿತು. ಮಾವ ಎಲ್ಲ ಬಿಚ್ಚಿ, ಹೊಸ ಭಾಗ ಹಾಕಿ, ಸಂಜೆಯ ಹೊತ್ತಿಗೆ ಮುಗಿಸಿದರು. ಹಲಗೆ ನೋಡಿದರೆ ಹದಿನಾಲ್ಕರ ಸೈಜಿನ ಸ್ಪ್ಯಾನರಿನ ಜಾಗ ಖಾಲಿ. ಹುಡುಕಿದರು, ಸಿಗಲಿಲ್ಲ. "ಗಾಡಿ ಹೋಗಲ್ಲ" ಅಂದರು.

"ಒಂದು ಸ್ಪ್ಯಾನರಿಗಾ ಮಾವ? ನಾಳೆ ಶಾಲೆ ಉಂಟು."

"ಅದು ಒಳಗೆಲ್ಲೋ ಇದ್ದು, ಇಳಿಜಾರಲ್ಲಿ ಉರುಳಿ ಬ್ರೇಕಿನ ಪೆಡಲ್ ಕೆಳಗೆ ಕೂತ್ರೆ? ಮಕ್ಕಳಿಗೆ ಏನಂತ ಹೇಳ್ತೀಯ?"

ಮರುದಿನ ಮತ್ತೆ ಎಲ್ಲ ಬಿಚ್ಚಿದರು. ಸಿಗಲಿಲ್ಲ. ಅದರ ಮರುದಿನವೂ ವ್ಯಾನು ಮೂಳೆ ಬಿಡಿಸಿದ ಮೀನಿನಂತೆ ಬಿದ್ದಿತ್ತು. ನಾನು ಮಕ್ಕಳಿಗಾಗಿ ಬೇರೆ ಜೀಪಿನವನ ಕೈಕಾಲು ಹಿಡಿದೆ. ಆತ ಬಲು ಸಂತೋಷದಿಂದ ಒಪ್ಪಿದ, ಮತ್ತು ಆ ಸಂತೋಷದ ಅರ್ಥ ನನಗೆ ಗೊತ್ತಿತ್ತು. ಮೂವರು ಅಪ್ಪಂದಿರು ಫೋನು ಮಾಡಿ, ಇನ್ನು ಮುಂದೆ ಜೀಪಿಗೇ ಹೇಳಿಬಿಡೋಣವೆಂದಿದ್ದೇವೆ ಅಂದರು. ನನ್ನ ತಲೆ ಕೆಟ್ಟಿತು. ಮುದುಕರು ಬ್ರೇಕನ್ನೇ ಕೆಡಿಸಿ, ಅದನ್ನು ಮುಚ್ಚಿಡಲು ಸ್ಪ್ಯಾನರಿನ ನಾಟಕ ಹೂಡಿದ್ದಾರೋ? ವಿಮಾನ ಬೀಳಿಸಿದ್ದೂ ಹೀಗೆಯೋ? ಏನೇನೋ ಯೋಚನೆ.

ಬಸ್ಸು ಹತ್ತಿ ಕುಶಾಲನಗರಕ್ಕೆ ಹೋದೆ. ಗುಜರಿ ಅಂಗಡಿಯಲ್ಲಿ ಹುಡುಕಿ ಅದೇ ಮಾದರಿಯ, ಅಷ್ಟೇ ಸವೆದ ಒಂದು ಹದಿನಾಲ್ಕರ ಸ್ಪ್ಯಾನರ್ ಕೊಂಡೆ. ಹಳೆಯ ಇಂಜಿನ್ ಆಯಿಲು ಸವರಿದೆ. ಶೆಡ್ಡಿಗೆ ಬಂದು, ಬಾಗಿಲ ಹತ್ತಿರದ ಗೋಣಿಚೀಲಗಳನ್ನು ಎತ್ತಿದಂತೆ ಮಾಡಿ, "ಮಾವಾ, ಇಲ್ಲೇ ಉಂಟಲ್ಲ!" ಎಂದು ಕೂಗಿದೆ. ನಾಟಕದಲ್ಲಿ ಪಾರ್ಟು ಮಾಡಿದವಳಲ್ಲ, ಆದರೂ ಚೆನ್ನಾಗಿಯೇ ಕೂಗಿದೆ.

ಅವರು ಅದನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಉಗುರಿಲ್ಲದ ಹೆಬ್ಬೆರಳಿನಿಂದ ಹಿಡಿಯ ಉದ್ದಕ್ಕೂ ಸವರಿದರು.

"ಎಲ್ಲಿತ್ತು?"

"ಗೋಣಿ ಕೆಳಗೆ."

"ಕಣ್ಣಲ್ಲಿ ನೋಡ್ದ್ಯಾ?"

"ಹೂಂ ಮಾವ."

"ನಂದೇನಾ?"

"ನಿಮ್ದೇ. ಇನ್ಯಾರ್ದು?"

ಸ್ಪ್ಯಾನರನ್ನು ಹಲಗೆಗೆ ಹಾಕಲಿಲ್ಲ, ಜೇಬಿಗೆ ಹಾಕಿಕೊಂಡರು. ಆ ರಾತ್ರಿಯೊಳಗೆ ವ್ಯಾನು ಜೋಡಿಸಿಕೊಟ್ಟು, "ನಾಳೆಯಿಂದ ನಾನೂ ಬರ್ತೀನಿ. ಹಿಂದಿನ ಸೀಟು" ಅಂದರು. ಎಷ್ಟು ದಿವಸ ಎಂದು ಕೇಳಿದೆ. "ನೋಡಾನ" ಅಂದರು.

ಮರುದಿನ ಬೆಳಿಗ್ಗೆ ಏಳೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಸ್ತೆಯಲ್ಲಿ ನಿಂತಿದ್ದರು. ಹಿಂದಿನ ಸೀಟಿಗೆ ತಾವೇ ಎಲ್ಲಿಂದಲೋ ತಂದ ಒಂದು ಬೆಲ್ಟು ಕೂರಿಸಿಕೊಂಡಿದ್ದರು. ಅದನ್ನು ಬಿಗಿದುಕೊಂಡು ಕೂತರೆ ಕನ್ನಡಿಯಲ್ಲಿ ನನಗೆ ಅವರ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಪ್ರತಿ ಬ್ರೇಕಿಗೂ ಆ ಕಣ್ಣುಗಳು ನನ್ನ ಕಾಲಿನ ಕಡೆ ಬರುತ್ತಿದ್ದವು. ಒಂದು ವಾರವಾಯಿತು, ಒಂದು ತಿಂಗಳಾಯಿತು, ಇಳಿಯುವ ಮಾತಿಲ್ಲ. ಇವರಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಯಾವ ದಿನ, ಯಾವ ಮಗುವಿನ ಅಮ್ಮನ ಮುಂದೆ ಬಾಯಿ ಬಿಡುತ್ತಾರೆ? ಸ್ಪ್ಯಾನರು ಕಳೆದ ವ್ಯಾನಿನಲ್ಲಿ, ಸುಳ್ಳು ಹೇಳಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿದ್ದಾಳೆ ಎಂದು ಒಬ್ಬರ ಕಿವಿಗೆ ಬಿದ್ದರೆ ಸಾಕು, ನನ್ನ ಕಸುಬು ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮಂದಿರೋ, "ಆ ಅಜ್ಜ ಯಾಕೆ ದಿನಾ ಬರೋದು?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಕನ್ನಡಿಯಲ್ಲಿ ಅವರನ್ನು ಕಾಯುತ್ತಿದ್ದೆ, ಅವರು ಅದೇ ಕನ್ನಡಿಯಲ್ಲಿ ನನ್ನನ್ನು ಕಾಯುತ್ತಿದ್ದರು.

ಮಕ್ಕಳಿಗೆ ಮಾತ್ರ ಹಬ್ಬ. ಏರ್‌ಫೀಲ್ಡಿನ ಕಥೆಗಳೆಲ್ಲ ಆ ಹಿಂದಿನ ಸೀಟಿನಿಂದಲೇ ಬಂದವು. ಬೆಳಕು ಹರಿಯುವ ಮುಂಚೆ ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು, ರನ್‌ವೇ ಉದ್ದಕ್ಕೂ ತಲೆ ತಗ್ಗಿಸಿ ನಡೆಯುತ್ತಿದ್ದರಂತೆ, ಕಲ್ಲು, ಮೊಳೆ, ಹಕ್ಕಿಯ ಮೂಳೆ ಆಯುತ್ತ. ಅಧಿಕಾರಿಯಾದರೂ ಅಡುಗೆಯವನಾದರೂ ಬಗ್ಗಲೇಬೇಕು. ಒಂದು ಸಣ್ಣ ಕಲ್ಲು ಇಂಜಿನ್ನಿಗೆ ಹೋದರೆ ಕಥೆ ಮುಗಿಯಿತು. ಮೆಸ್ಸಿನ ನಾಯಿಯೊಂದು ಬೆಚ್ಚಗಿದೆ ಎಂದು ರನ್‌ವೇ ನಡುವೆ ಮಲಗಿ, ಹಳದಿ ವಿಮಾನವೊಂದನ್ನು ಮೂರು ಸುತ್ತು ಆಕಾಶದಲ್ಲೇ ನಿಲ್ಲಿಸಿಕೊಂಡಿತ್ತಂತೆ. ಇವರು ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತಾಗ, ಮುಂದಿದ್ದ ಅಧಿಕಾರಿ ಹೇಳದೆ ಕೇಳದೆ ವಿಮಾನವನ್ನು ತಲೆಕೆಳಗು ಮಾಡಿದರಂತೆ. "ನನ್ ಜೇಬಿನ ಪೆನ್ಸಿಲ್ಲು ನನ್ ಮೂಗಿನ ಮುಂದೇನೇ ಮೇಲಕ್ಕೆ ಹೋಯ್ತು. ತಳದಲ್ಲಿದ್ದ ಧೂಳೆಲ್ಲ ಮುಖಕ್ಕೆ. ಗಾಡಿ ಎಷ್ಟು ಚೊಕ್ಕಟ ಅಂತ ತಲೆಕೆಳಗೆ ಮಾಡಿದಾಗ್ಲೇ ಗೊತ್ತಾಗೋದು ಮಕ್ಕಳಾ."

ಒಬ್ಬ ಹುಡುಗಿಗೆ ಬೇಕಾದ ಕಥೆ ಒಂದೇ, ಮೊದಲ ಸಲ ಒಬ್ಬನೇ ಹಾರುವ ಹುಡುಗನದು. ವಾರಕ್ಕೆರಡು ಸಲ ಅದನ್ನೇ ಹೇಳಿಸುತ್ತಿದ್ದಳು. ಕಲಿಸುವ ಅಧಿಕಾರಿ ಆ ದಿನವನ್ನು ಮೊದಲೇ ಹೇಳುವುದಿಲ್ಲವಂತೆ. ಎಂದಿನಂತೆ ಜೊತೆಗೆ ಹಾರಿ, ಇಳಿದು, ವಿಮಾನ ನಿಂತ ಮೇಲೆ ಸುಮ್ಮನೆ ಹಿಂದಿನ ಸೀಟಿನಿಂದ ಎದ್ದು ಕೆಳಗಿಳಿಯುತ್ತಾರೆ. ಖಾಲಿ ಸೀಟಿನ ಬೆಲ್ಟು ಎಲ್ಲೂ ಸಿಕ್ಕಿಕೊಳ್ಳದಂತೆ ಬಿಗಿದು ಕಟ್ಟುತ್ತಾರೆ. ವಿಮಾನದ ಮೈ ಮೇಲೆ ಎರಡು ಸಲ ತಟ್ಟಿ, ಹೋಗು ಎಂದು ಕೈ ಮಾಡುತ್ತಾರೆ. ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಇನ್ನರ್ಧ ಕಿವಿ ಇಂಜಿನ್ನಿನ ಕಡೆಗಿರುತ್ತಿತ್ತು, ಎಲ್ಲಾದರೂ ಕಬ್ಬಿಣ ಉರುಳಿದ ಶಬ್ದ ಬರುತ್ತದೆಯೋ ಎಂದು.

ಒಂದು ದಿನ ಹೆಡ್‌ಮಿಸ್ ನನ್ನನ್ನು ಕರೆಸಿ, ನಿಮ್ಮ ವ್ಯಾನಿನ ಮಕ್ಕಳು ಪ್ರಾರ್ಥನೆಗೆ ಮುಂಚೆ ಮೈದಾನದಲ್ಲಿ ಸಾಲಾಗಿ ತಲೆ ತಗ್ಗಿಸಿ ನಡೆಯುತ್ತಾರೆ, ಏನು ಕಳೆದುಕೊಂಡಿದ್ದಾರೆ ಎಂದು ಕೇಳಿದರು. ನನಗೆ ನಗು ಬಂತು, ಆದರೆ ಆ ಪ್ರಶ್ನೆ ಎದೆಗೆ ತಾಗಿತು.

ಜುಲೈ ತಿಂಗಳ ಒಂದು ಮಧ್ಯಾಹ್ನ ಮಕ್ಕಳನ್ನೆಲ್ಲ ಇಳಿಸಿ ಬರುವಾಗ ರಸ್ತೆಗೆ ಮರ ಬಿದ್ದಿತ್ತು. ಕಡಿಯುವವರು ಬರುವವರೆಗೆ ವ್ಯಾನಿನಲ್ಲಿ ನಾವಿಬ್ಬರೇ. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಅವರು ಹಿಂದಿನ ಸೀಟಿನಿಂದಲೇ, ನಾನು ಏನೂ ಕೇಳದಿದ್ದರೂ, ಮಾತು ಶುರು ಮಾಡಿದರು.

"ನಂಗೊಬ್ಬ ಜೊತೆಗಾರ ಇದ್ದ. ಅವತ್ತು ಅವನಿಗೆ ಊರಿಗೆ ಹೋಗೋ ರೈಲು. ಸಂಜೆ ಒಂದು ಸ್ಪ್ಯಾನರ್ ಕಾಣ್ಲಿಲ್ಲ. ಕಾಣ್ಲಿಲ್ಲ ಅಂದ್ರೆ ಎಲ್ಲಾ ವಿಮಾನ ನಿಲ್ಲುತ್ತೆ, ಯಾರಿಗೂ ರಜ ಇಲ್ಲ. ಅವನ ಪೆಟ್ಟಿಗೇಲಿ ಸ್ವಂತದ್ದೊಂದು ಇತ್ತು. ಅದನ್ನ ತಂದು ಹಲಗೆಗೆ ನೇತಾಕ್ದ. ನಾನು ಬಂದು ನೋಡ್ದೆ, ಹಲಗೆ ತುಂಬಿತ್ತು. ಸಹಿ ಹಾಕ್ದೆ. ಬಾಯಲ್ಲಿ ನೋಡ್ದೆ ಅಂತಿಟ್ಕೋ."

ನಾನು ಸ್ಟೇರಿಂಗ್ ಬಿಗಿಯಾಗಿ ಹಿಡಿದುಕೊಂಡೆ.

"ಸಹಿ ಹಾಕ್ದೋನು ನಾನು. ಹಿಂದಿನ ಸೀಟಲ್ಲಿ ಕೂತೆ, ಹಾರ್ದೆ, ಇಳ್ದೆ. ಏನೂ ಆಗ್ಲಿಲ್ಲ. ಕಳೆದಿದ್ದ ಸ್ಪ್ಯಾನರು ಒಳಗೇ ಎಲ್ಲೋ ಮೂಲೇಲಿ ಸುಮ್ನೆ ಕೂತಿತ್ತು. ಮಾರನೇ ದಿನ ಒಬ್ಬ ಹುಡುಗ ಒಬ್ನೇ ಹೋದ. ತಲೆಕೆಳಗೆ ಮಾಡ್ದ. ಆಗ ಅದು ಎದ್ದು ಬಂದು ವಿಮಾನ ತಿರುಗಿಸೋ ಹಿಡಿಕೆಯ ಬುಡಕ್ಕೆ ಸಿಕ್ಕೊಂತು. ರನ್‌ವೇ ಆಚೆ ಹೊಲದಲ್ಲಿ ಬಿದ್ದ. ನಾವೇ ಓಡಿಹೋಗಿ ಸುಡೋ ತಗಡು ಎತ್ತಿದ್ವಿ." ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದರು. "ಇದು ಅಲ್ಲಿ ಹೋಗಿದ್ದು. ಹುಡುಗ ಉಳೀಲಿಲ್ಲ."

ಕೈ ಹಿಂದಕ್ಕೆ ಎಳೆದುಕೊಂಡು ಮತ್ತೆ ಅಂದರು, "ಬಿಡಿಸಿದ್ರು ಅಂತಾರಲ್ಲ ಹೋಟ್ಲಲ್ಲಿ, ಅದು ಸುಳ್ಳು. ಬಯ್ದು ಬಿಟ್ರು, ನಾನು ಸರ್ವೀಸು ಮುಗ್ಸೇ ಬಂದೆ. ಬೀಳ್ಸಿದ್ದು ನಿಜ."

ನನಗೆ ಅಳು ಬಂತು. ಮುಂದೆ ಬಿದ್ದ ಮರವನ್ನೇ ನೋಡುತ್ತ ಹೇಳಿದೆ. "ಮಾವ, ಆ ಸ್ಪ್ಯಾನರು ನಾನು ಕುಶಾಲನಗರದಿಂದ ತಂದದ್ದು."

"ಗೊತ್ತು. ನನ್ನವುಕ್ಕೆಲ್ಲ ಹಿಡೀಲಿ ಒಂದು ಗೀರು ಹಾಕಿರ್ತೀನಿ. ಅದಕ್ಕಿರ್ಲಿಲ್ಲ."

"ಮತ್ತೆ ಆಗ್ಲೇ ಯಾಕೆ ಕೇಳ್ಲಿಲ್ಲ?"

"ಕೇಳಿದ್ನಲ್ಲ. ನಂದೇನಾ ಅಂದೆ. ನಿಮ್ದೇ ಅಂತ ನೀನಂದೆ."

ಅವರು ನನ್ನನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ ಏಳೂವರೆಗೆ ಮತ್ತೆ ಅದೇ ಜಾಗದಲ್ಲಿ ನಿಂತಿದ್ದರು, ಕೊಡೆ ಹಿಡಿದುಕೊಂಡು. ಈಗ ಕಾರಣ ಗೊತ್ತಾಗಿತ್ತು. ಸ್ಪ್ಯಾನರು ಇನ್ನೂ ಸಿಕ್ಕಿಲ್ಲ, ಒಂದು ದಿನ ಕೂತರೆ ಸಾಲದೆಂದು ಅವರು ಕಲಿತಿದ್ದಾರೆ, ಅದಕ್ಕೇ ಬರುತ್ತಾರೆ ಎಂದುಕೊಂಡೆ. ನಾನೂ ದಿನಾ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎದ್ದು, ಟಾರ್ಚು ಹಿಡಿದು, ವ್ಯಾನಿನ ಕೆಳಗೆ ಮಲಗಿ ನೋಡಲು ಶುರು ಮಾಡಿದೆ. ಮೊದಮೊದಲು ಹುಡುಕುತ್ತಿದ್ದದ್ದು ಸ್ಪ್ಯಾನರನ್ನು. ಆಮೇಲೆ ಆಯಿಲಿನ ತೊಟ್ಟು, ಸಡಿಲವಾದ ನಟ್ಟು, ಸವೆದ ಪೈಪು ಎಲ್ಲ ಕಣ್ಣಿಗೆ ಬೀಳತೊಡಗಿದವು. ಕಂಡದ್ದನ್ನೆಲ್ಲ ಹೇಳುತ್ತಿದ್ದೆ, ನನ್ನ ತಪ್ಪಿನಿಂದ ಆದದ್ದನ್ನೂ. ಅವರು ಹೂಂ ಅನ್ನುತ್ತಿದ್ದರು, ಅಷ್ಟೇ.

ಡಿಸೆಂಬರಿನಲ್ಲಿ, ಹುತ್ತರಿ ಹಬ್ಬ ಕಳೆದು ಒಂದೆರಡು ವಾರಕ್ಕೆ, ತೋಟದ ಗೇಟಿನ ಹತ್ತಿರ ಕೊನೆಯ ಮಗು ಹತ್ತಿದ ಮೇಲೆ ಅವರು ಇದ್ದಕ್ಕಿದ್ದಂತೆ "ನಿಲ್ಸು" ಅಂದರು. ಮೆಲ್ಲಗೆ ಇಳಿದರು. ಒಳಗೆ ಬಗ್ಗಿ, ತಮ್ಮ ಖಾಲಿ ಸೀಟಿನ ಬೆಲ್ಟನ್ನು ಎಳೆದು ಬಿಗಿದು ಸಿಕ್ಕಿಸಿದರು. ಬಾಗಿಲು ಹಾಕಿ, ತಗಡಿನ ಮೇಲೆ ಎರಡು ಸಲ ತಟ್ಟಿದರು. ಹಿಂದಿನಿಂದ ಮಕ್ಕಳು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ನಾನು ಸುಮ್ಮನಿರಿ ಎಂದು ಗದರಿ, ಮಾವನಿಗೆ ಮಂಡಿ ನೋವೋ, ನನ್ನ ಮೇಲೇನು ಸಿಟ್ಟೋ, ಯಾರಿಗಾದರೂ ದೂರು ಹೇಳಲು ಹೊರಟರೋ ಎಂದು ಯೋಚಿಸುತ್ತಲೇ ವ್ಯಾನು ಓಡಿಸಿದೆ. ಕನ್ನಡಿಯಲ್ಲಿ ಅವರು ರಸ್ತೆ ನಡುವೆ ನಿಂತು ನೋಡುತ್ತಿದ್ದರು. ಮರುದಿನದಿಂದ ಬರಲಿಲ್ಲ. ಕೇಳಿದರೆ "ಸಾಕಾಯ್ತು ಕಣಮ್ಮ" ಅಂದರು. ಶೆಡ್ಡಿನ ಹಲಗೆಯ ಮೇಲೆ ಹದಿನಾಲ್ಕರ ಜಾಗ ಖಾಲಿಯೇ ಇತ್ತು.

ಹೋದ ವರ್ಷ ಅವರು ತೀರಿಕೊಂಡರು. ಎರಡು ದಿನದ ಜ್ವರ, ಮೂರನೆಯ ದಿನ ಬೆಳಿಗ್ಗೆ ಏಳಲಿಲ್ಲ. ತಿಥಿ ಮುಗಿದ ಮೇಲೆ ಅತ್ತೆ, ಅಂದರೆ ಅವರ ಹೆಂಡತಿ, ನನ್ನನ್ನು ಒಳಗೆ ಕರೆದು ಟ್ರಂಕಿನಿಂದ ಬಟ್ಟೆ ಸುತ್ತಿದ ಏನನ್ನೋ ತೆಗೆದುಕೊಟ್ಟರು. ಬಿಚ್ಚಿದೆ. ಎರಡು ಹದಿನಾಲ್ಕರ ಸ್ಪ್ಯಾನರು. ಒಂದು ನಾನು ತಂದದ್ದು. ಇನ್ನೊಂದರ ಹಿಡಿಯ ಮೇಲೆ ಹೆಬ್ಬೆರಳು ಇಟ್ಟೆ, ಗೀರು ತಾಗಿತು.

"ಇದು ಯಾವಾಗ ಸಿಕ್ತು ಅತ್ತೆ?"

"ಆವಾಗ್ಲೇ ಕಣವ್ವ. ನೀನು ಗಾಡಿ ತಗಂಡು ಹೋಗಿ ಮೂರು ವಾರಕ್ಕೆ ಕಾಫಿಗೆ ಹೂಮಳೆ ಬಂತಲ್ಲ, ಮಳೆಕೋಟು ತೆಗೆದ್ರೆ ಒಳಜೇಬಲ್ಲೇ ಇತ್ತು. ತಾವೇ ಮಡಗಿ ಮರೆತಿದ್ರು. ಅವತ್ತೆಲ್ಲ ಊಟ ಮಾಡ್ಲಿಲ್ಲ."

ಮಾರ್ಚಿನಲ್ಲೇ ಸಿಕ್ಕಿತ್ತು. ಅವರು ಡಿಸೆಂಬರಿನವರೆಗೆ ನನ್ನ ಹಿಂದೆ ಕೂತಿದ್ದರು. ಜುಲೈಯಲ್ಲಿ ಆ ಕಥೆ ಹೇಳುವಾಗಲೂ ವ್ಯಾನಿನಲ್ಲಿ ಏನೂ ಇಲ್ಲವೆಂದು ಅವರಿಗೆ ಗೊತ್ತಿತ್ತು.

"ಮತ್ತೆ ದಿನಾ ಯಾಕೆ ಬರ್ತಿದ್ರು?"

ಅತ್ತೆ ಮುಚ್ಚುಮರೆ ಮಾಡುವವರಲ್ಲ. "ನಾನೂ ಕೇಳ್ದೆ. ಗಾಡಿ ಮೇಲಿನ ಅನುಮಾನ ಹೋಯ್ತು, ಓಡ್ಸೋಳ ಮೇಲಿಂದು ಹೋಗಿಲ್ಲ ಅಂದ್ರು. ಸಿಕ್ತು ಅಂತ ಹೇಳಿದ್ರೆ ನೀನು ಇಳಿಸ್ಬಿಡ್ತಿದ್ದೆಯಂತೆ."

ಕೆನ್ನೆಗೆ ಹೊಡೆದಂತಾಯಿತು. ಒಂಬತ್ತು ತಿಂಗಳು ಅವರು ಕಾದದ್ದು ಸ್ಪ್ಯಾನರನ್ನಲ್ಲ, ನನ್ನನ್ನು. ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅವರಿದ್ದಿದ್ದರೆ ಜಗಳವಾಡುತ್ತಿದ್ದೆ. ಅತ್ತೆ ಅದನ್ನು ಗಮನಿಸದೆ ಮಾತು ಮುಂದುವರಿಸಿದರು. ಒಮ್ಮೆ ಮಾವ ಅತ್ತೆಯನ್ನು ಆ ಹಳೇ ಏರ್‌ಫೀಲ್ಡು ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ರನ್‌ವೇ ಮೇಲೆ ಊರಿನವರು ಜೋಳ ಒಣಗಿಸಿದ್ದರಂತೆ. ಮಾವ ಯಾರೊಂದಿಗೂ ಮಾತಾಡದೆ, ಜೋಳ ತುಳಿಯದಂತೆ ಪಕ್ಕದಲ್ಲೇ, ಈ ತುದಿಯಿಂದ ಆ ತುದಿಯವರೆಗೆ ಕಲ್ಲು ಆಯುತ್ತ ನಡೆದರಂತೆ. ಇನ್ನು ಯಾವ ವಿಮಾನವೂ ಇಳಿಯದ ಜಾಗದಲ್ಲಿ.

ಏಳುವಾಗ ಕೇಳಿದೆ. "ಆಮೇಲೆ ಒಂದು ದಿನ ನಡುದಾರಿಯಲ್ಲಿ ಇಳ್ಕೊಂಡ್ರಲ್ಲ ಅತ್ತೆ. ಮಂಡಿ ನೋವಾ?"

"ಮಂಡಿ ಚೆನ್ನಾಗೇ ಇತ್ತು. ಅಷ್ಟು ದೂರ ನಡ್ಕೊಂಡೇ ಬಂದ್ರು. ಕಾಫಿ ಮಾಡು ಅಂದ್ರು. ಹುಡುಗಿ ಒಬ್ಳೇ ಹಾರಿದ್ಲು ಕಣೇ ಅಂದ್ರು. ಏನೋಪ್ಪ, ನಂಗೆ ಅರ್ಥ ಆಗ್ಲಿಲ್ಲ."

ನನಗೆ ಆಗ ಅರ್ಥವಾಯಿತು. ಖಾಲಿ ಸೀಟಿಗೆ ಬಿಗಿದ ಬೆಲ್ಟು, ಎರಡು ತಟ್ಟು, ಮಕ್ಕಳ ಚಪ್ಪಾಳೆ. ವ್ಯಾನಿನಲ್ಲಿದ್ದ ಎಂಟು ಮಕ್ಕಳಿಗೂ ಗೊತ್ತಾಗಿತ್ತು. ಅರ್ಧ ಕಿವಿಯಲ್ಲಿ ಕೇಳಿಸಿಕೊಂಡ ನನಗೊಬ್ಬಳಿಗೆ ಗೊತ್ತಾಗಿರಲಿಲ್ಲ. ಅವರ ಮುಂದೆಯೇ ಕೂತು ಅತ್ತುಬಿಟ್ಟೆ.

ಆ ಹಲಗೆ ಈಗ ನಮ್ಮ ಮನೆಯ ಹಿಂದಿನ ಗೋಡೆಯಲ್ಲಿದೆ. ಗೀರಿರುವ ಸ್ಪ್ಯಾನರು ಅದರ ಜಾಗದಲ್ಲಿದೆ. ವ್ಯಾನನ್ನು ಈಗ ರಿಪೇರಿ ಮಾಡುವವನು ಬೇರೆ, ಸುಂಟಿಕೊಪ್ಪದಲ್ಲೇ ಗ್ಯಾರೇಜು ಇಟ್ಟವನು, ಕೆಲಸ ಬಲ್ಲವನು. ಮೊನ್ನೆ ಬ್ರೇಕು ಮಾಡಿ ಮುಗಿಸಿ, ಬೀಗದ ಕೈ ಕೊಟ್ಟ. ನಾನು ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತೆ.

"ಏನಕ್ಕಾ, ನನ್ ಮೇಲೆ ಅನುಮಾನವಾ?" ಅಂದ.

"ಹೌದು," ಅಂದೆ. "ಹತ್ತಿ ಕೂತ್ಕೊ."